ಗೇಟಿಗೆ ಮಷೀನು ಕೂರಿಸುವ ಮೊದಲು

ತಮಾ,

ಹೆಬ್ಬೆರಳು ಒತ್ತುವ ಮಷೀನು ಗೇರುಬೀಜದ ಕಾರ್ಖಾನೆಯ ಗೇಟಿಗೆ ಬರುತ್ತದಂತೆ, ಹಾಜರಿ, ರಜೆ, ಪಗಾರ ಎಲ್ಲವನ್ನೂ ಸಾಫ್ಟ್‌ವೇರೇ ನೋಡಿಕೊಳ್ಳುತ್ತದಂತೆ. ನಿನ್ನ ಅಪ್ಪ ಹೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಭಟ್ಕಳದಿಂದ ಕುಮಟೆಯವರೆಗೆ ಊರಿಗೆ ಮರಳಿ ಅಪ್ಪನ ಕಾರ್ಖಾನೆ, ಐಸ್ ಪ್ಲಾಂಟು ಹಿಡಿದ ಹುಡುಗರೆಲ್ಲ ಓದಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಗೇರುಬೀಜ ಒಡೆಯುವವರ ಕೈಯನ್ನು ಹತ್ತಿರದಿಂದ ನೋಡಿದ್ದೀಯಾ? ಸಿಪ್ಪೆಯ ಎಣ್ಣೆ ಚರ್ಮವನ್ನೇ ಸುಡುತ್ತದೆ. ಬೂದಿ ಹಚ್ಚಿಕೊಂಡು ಕೂತರೂ ಬೆರಳಿನ ಗೆರೆ ಸವೆಯುತ್ತದೆ. ಮಷೀನಿಗೆ ಗುರುತು ಸಿಗದಿದ್ದರೆ ಬಂದವಳೂ ಗೈರುಹಾಜರಿ. ಒಂದು ದಿನ ತಾನೇ ಎನ್ನಬೇಡ. ಗ್ರಾಚ್ಯುಟಿಗೆ ವರ್ಷಕ್ಕೆ 240 ದಿನದ ಲೆಕ್ಕ ನೋಡುತ್ತಾರೆ.

ಕುಮಟೆಯ ಕಾರ್ಖಾನೆಯೊಂದರಲ್ಲಿ ಹಾಜರಿ ಪುಸ್ತಕ ಬರೆದವ ನಾನು. ಒಡೆಯುವವರಿಗೆ ತಿರುಳಿನ ಕಿಲೋ ಮೇಲೆ ಕೂಲಿ, ಸಿಪ್ಪೆ ಸುಲಿಯುವವರಿಗೆ ಬೇರೆ ದರ, ಉಳಿದವರಿಗೆ ದಿನಗೂಲಿ. ಶನಿವಾರ ಬಟವಾಡೆ. ತೂಕದ ಚೀಟಿ ಒಂದು ಕಳೆದರೂ ಆಕೆ ಮನೆಗೆ ಹೋಗುವಂತಿಲ್ಲ, ನಾನೂ ಏಳುವಂತಿಲ್ಲ. ಮಾರ್ಚ್ ಮುಗಿದರೆ ಪಿ.ಎಫ್‌ನ 3ಎ ಫಾರ್ಮು, ತಲೆಗೊಂದು ಹಾಳೆ, ಎಲ್ಲ ಕೈಬರಹ. 2012ರಲ್ಲಿ ಆನ್‌ಲೈನ್ ರಿಟರ್ನ್ ಬಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವ ನಾನು. ಕಂಪ್ಯೂಟರ್ ಬೇಡ ಎನ್ನುವ ಮುದುಕ ಎಂದುಕೊಳ್ಳಬೇಡ. ಆಮೇಲೆ ತೊಡಕಾದದ್ದು ಹೆಸರಿನಲ್ಲಿ. ತವರಿನ ಹೆಸರು ನಮ್ಮ ಪುಸ್ತಕದಲ್ಲಿ, ಗಂಡನ ಮನೆಯದು ಆಧಾರಿನಲ್ಲಿ. ನಾಯ್ಕ, ಗೌಡ ಎಂಬ ಅಡ್ಡಹೆಸರಿಗೆ ಇಂಗ್ಲಿಷಿನಲ್ಲಿ ಒಬ್ಬೊಬ್ಬರದು ಒಂದೊಂದು ಕಾಗುಣಿತ. ಹೊನ್ನಾವರದ ಕಡೆಯ ಒಬ್ಬಾಕೆ ಮಗಳ ಮದುವೆಗೆಂದು ತನ್ನದೇ ಪಿ.ಎಫ್ ಕೇಳಿದಳು. ಹೆಸರು ತಾಳೆಯಾಗಲಿಲ್ಲವೆಂದು ಅರ್ಜಿ ವಾಪಸು ಬಂತು. ಮದುವೆ ಸಾಲದಲ್ಲೇ ಆಯಿತು.

ಇಂಥದ್ದನ್ನು ಯಾವ ಸಾಫ್ಟ್‌ವೇರೂ ತಾನಾಗಿ ಸರಿಮಾಡದು. ತಪ್ಪು ಹೆಸರು ತುಂಬಿದರೆ ಪ್ರತಿ ತಿಂಗಳ 15ರೊಳಗೆ ಅದೇ ತಪ್ಪನ್ನು ತಪ್ಪದೆ ಕಳಿಸುತ್ತದೆ, ಅಷ್ಟೇ.

ಆರಿಸುವವ ನೀನು, ನಾನು ಒತ್ತಾಯ ಮಾಡುವುದಿಲ್ಲ. ಜೋಹೊ, ಕೇಕಾ, ಗ್ರೇಟ್‌ಎಚ್‌ಆರ್ ಯಾವುದನ್ನಾದರೂ ನೋಡು. ಆದರೆ ಮಾರುವವನ ಲ್ಯಾಪ್‌ಟಾಪಿನ ಚಿತ್ರ ನೋಡಿ ಸಹಿ ಹಾಕಬೇಡ. ನಮ್ಮ ಒಂದು ತಿಂಗಳ ತೂಕದ ಚೀಟಿಗಳನ್ನು ಅವನ ಮುಂದಿಟ್ಟು ಪಗಾರ ತೆಗೆಯಲು ಹೇಳು. ಪಗಾರ ಚೀಟಿ ಕನ್ನಡದಲ್ಲಿ ಬರುತ್ತದೋ, ಬಿಡುವ ದಿನ ನಮ್ಮ ಲೆಕ್ಕವೆಲ್ಲ ನಮ್ಮ ಕೈಗೆ ಸಿಗುತ್ತದೋ ಕೇಳು. ಆಫೀಸಿನಲ್ಲಿರುವ ಟ್ಯಾಲಿಯಲ್ಲೇ ಪಗಾರದ ಭಾಗವಿದೆ, ದಿನದ ಹಾಜರಿಯ ಜೊತೆ ಮಾಡಿದ ಕೆಲಸದ ಅಳತೆ ಹಾಕಿಯೂ ಕೂಲಿ ತೆಗೆಯಬಹುದು. ಅದನ್ನು ತೆರೆದೂ ನೋಡದೆ ಹೊಸದಕ್ಕೆ ದುಡ್ಡು ಸುರಿಯುತ್ತೀಯಲ್ಲ, ಮೊಬೈಲಿನಲ್ಲಿ ಬಣ್ಣದ ಚಾರ್ಟು ನೋಡುವ ಆಸೆಗೆ ಆ ಹೆಂಗಸರ ಕೂಲಿಯನ್ನು ಪಣಕ್ಕಿಡುತ್ತೀಯಾ?

ಬೈದೆನೆಂದು ಬೇಸರಿಸಬೇಡ. ನೀನು ಊರಿಗೆ ಬಂದದ್ದೇ ನಮಗೆಲ್ಲ ಸಂತೋಷ. ಗೇಟಿನ ಹಾಜರಿ ಸದ್ಯ ಮೇಸ್ತ್ರಿ ಕೈಯಲ್ಲೇ ಇರಲಿ. ಭಾನುವಾರ ಎಲ್ಲರ ಆಧಾರ್ ಪ್ರತಿಯನ್ನೂ ಪಿ.ಎಫ್ ಪಟ್ಟಿಯನ್ನೂ ತಾ, ಹೆಸರುಗಳನ್ನು ಒಂದೊಂದಾಗಿ ತಾಳೆ ನೋಡುವಾ. ಮಷೀನಿನವನಿಗೆ ಮುಂದಿನ ತಿಂಗಳು ಬಾ ಎಂದು ಹೇಳು.

ನಿನ್ನ ದೊಡ್ಡಪ್ಪ