ಉಸಿರಾಟವೆಂಬ ದುಡಿಮೆ

೨೦೧೪ರ ನವೆಂಬರಿನಲ್ಲಿ ವಾಲಧುನಿ ನದಿಗೆ ರಾಸಾಯನಿಕ ಸುರಿದಾಗ ನಮ್ಮ ಉಲ್ಹಾಸನಗರದ ನೂರಾರು ಜನ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದರು. ಉಸಿರಾಟವೂ ಒಂದು ದುಡಿಮೆಯೆಂಬುದು ತಿಳಿಯುವುದು ಅಂಥ ಹೊತ್ತಿನಲ್ಲಿಯೇ.

ಸುಮ್ಮನೆ ಕುಳಿತಿರುವ ಆರೋಗ್ಯವಂತನ ಎದೆಯಡಿಯ ವಪೆ ನಿಮಿಷಕ್ಕೆ ಸುಮಾರು ೧೫ ಸಲ, ಸಲಕ್ಕೆ ಅರ್ಧ ಲೀಟರು ಗಾಳಿಯನ್ನು ಆಯಾಸವಿಲ್ಲದೆ ಎಳೆಯುತ್ತದೆ. ಬಹುಕಾಲದ ಕೆಮ್ಮು-ದಮ್ಮು ಉಲ್ಬಣಿಸಿದವನಿಗೆ ಅದೇ ಕೆಲಸ ಮೂಟೆ ಹೊತ್ತು ಮಹಡಿ ಹತ್ತಿದಂತೆ.

ಆಕ್ಸಿಜನ್ ಮಾಸ್ಕು ರಕ್ತಕ್ಕೆ ಪ್ರಾಣವಾಯು ಒದಗಿಸುತ್ತದೆ. ಮೂಟೆಗೆ ಹೆಗಲು ಕೊಡದು. ಬೈಪ್ಯಾಪ್ ಯಂತ್ರದ ಬಿಗಿಮಾಸ್ಕಾದರೋ ಉಸಿರೆಳೆಯುವಾಗ ಗಾಳಿಯನ್ನು ಒತ್ತಿ ಕೊಟ್ಟು ವಪೆಯ ಶ್ರಮ ತಗ್ಗಿಸುತ್ತದೆ. ಬಿಡುವಾಗ ಸಣ್ಣ ಒತ್ತಡ ಉಳಿಸಿ, ನಾಳಗಳು ಮುಚ್ಚದಂತೆ ನೋಡುತ್ತದೆ.

ಅಂಚಿನಲ್ಲಿ ಗಾಳಿ ಸೋರಿದರೆ ನೆರವೂ ಸೋರಿತು. ರೋಗಿಗೆ ಕಸಿವಿಸಿಯಾದರೆ ನಾವಾಗಿ ಕಳಚದೆ ದಾದಿಯನ್ನು ಕರೆಯಬೇಕು. ವಾಂತಿ ಬಂದರೆ ಮಾತ್ರ ಕೂಡಲೇ ತೆಗೆಯಬೇಕು.