ಕೃತ್ತಿಕೆಗೆ ಹೊರಡು, ಮೃಗಶಿರದಲ್ಲಿ ಮರಳು

ಮಾರಾಯ್ತಿ, ಈ ಸಲ ಮನಾಲಿಯೂ ಬೇಡ, ಮಸ್ಸೂರಿಯೂ ಬೇಡ, ಮಕ್ಕಳನ್ನು ಕಟ್ಟಿಕೊಂಡು ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಗೆ ಹೋಗಿ ರಜೆಯಿಡೀ ಅಲ್ಲೇ ಇದ್ದುಬಿಡುತ್ತೇನೆ ಅಂದೆಯಲ್ಲ, ಒಳ್ಳೆಯ ಯೋಚನೆ. ನೋಯ್ಡಾದ ಹದಿನಾಲ್ಕನೇ ಮಹಡಿಯಲ್ಲಿ ಕಿಟಕಿ ಮುಚ್ಚಿ, ಏಸಿ ಹಾಕಿ, ಮಕ್ಕಳ ಕೈಗೆ ಟ್ಯಾಬ್ ಕೊಟ್ಟು ಮೇ ತಿಂಗಳನ್ನು ದೂಡುವ ಕಷ್ಟ ನನಗೂ ಗೊತ್ತು. 2024ರ ಮೇ 29ರಂದು ಸಫ್ದರ್‌ಜಂಗ್‌ನಲ್ಲಿ 46.8 ಡಿಗ್ರಿ ಮುಟ್ಟಿತ್ತು. ಇಲ್ಲೇ ತಲೆ ನರೆಸಿಕೊಂಡ ನಾವೂ ಆ ಲೂ ಗಾಳಿಗೆ ಹೆದರಿ ಸಂಜೆಯವರೆಗೆ ಬಾಗಿಲು ತೆಗೆಯಲಿಲ್ಲ. ಹೋಗಿ ಬಾ. ಹೋಗುವ ಮೊದಲು ದೊಡ್ಡಪ್ಪನ ನಾಲ್ಕು ಮಾತು ಕಿವಿಗೆ ಹಾಕಿಕೋ.

‘ಅಲ್ಲಿ ಸುಮ್ಮನೆ, ನೆಮ್ಮದಿಯಾಗಿ ಇರ್ತೇನೆ’ ಅಂದೆ ನೋಡು, ನನ್ನ ತಕರಾರು ಆ ಮಾತಿಗೆ. ದೆಹಲಿಯವರಿಗೆ ಬೇಸಿಗೆ ಅಂದರೆ ರಜೆ. ಮಲೆನಾಡಿನ ಮನೆಗೆ ಅದು ಉಸಿರಾಡಲು ಪುರುಸೊತ್ತಿಲ್ಲದ ಕಾಲ. ಮಳೆ ಹಿಡಿಯುವುದರೊಳಗೆ ಸೌದೆ ಒಳಗೆ ಬರಬೇಕು, ಹೆಂಚು ಕೈಯಾಡಿಸಬೇಕು, ಹಪ್ಪಳ ಒಣಗಬೇಕು, ತೋಟಕ್ಕೆ ಔಷಧಿ ಹೊಡೆಯಲು ಸಾಮಾನು ಹೊಂದಿಸಬೇಕು. ಅಂಥ ಹೊತ್ತಿನಲ್ಲಿ ನೀನು ಜಗುಲಿಯಲ್ಲಿ ಕಾಲು ಚಾಚಿ ಕೂತರೆ, ನಿನ್ನ ನೆಮ್ಮದಿಯ ಖರ್ಚೆಲ್ಲ ಆ ಮನೆ ನಡೆಸುವ ನಿನ್ನ ಅತ್ತಿಗೆಯ ಸೊಂಟದ ಮೇಲೆ ಬೀಳುತ್ತದೆ. ಆ ಮನೆಯ ಕೆಲಸದಲ್ಲಿ ನಿನ್ನದೂ ಒಂದು ಪಾಲು ಇರಲಿ. ಹಗಲು ಮೈ ದಣಿದರೆ, ಅರಸಿಕೊಂಡು ಹೊರಟ ನೆಮ್ಮದಿ ರಾತ್ರಿ ತಾನಾಗಿ ಬರುತ್ತದೆ.

ಮೊದಲು ದಿನದ ಲೆಕ್ಕ. ದೆಹಲಿಯ ಸರ್ಕಾರಿ ಶಾಲೆಗಳ ರಜೆ ಕೆಲವು ವರ್ಷಗಳಿಂದ ಮೇ 11ರಿಂದ ಜೂನ್ 30ರವರೆಗೆ. ನಿನ್ನ ಮಕ್ಕಳ ಶಾಲೆಯದು ಸ್ವಲ್ಪ ಆಚೀಚೆ ಇರಬಹುದು. ಪಂಚಾಂಗ ತೆಗೆದು ನೋಡು, ಕೃತ್ತಿಕೆ ಮಳೆ ಹುಟ್ಟುವುದೂ ಮೇ 11ರ ಆಸುಪಾಸಿಗೇ. 25ರ ಹೊತ್ತಿಗೆ ರೋಹಿಣಿ, ಜೂನ್ 8ರ ಸುಮಾರಿಗೆ ಮೃಗಶಿರ, 22ಕ್ಕೆ ಆರಿದ್ರಾ. ಅಂದರೆ ನಿಮ್ಮ ‘ಬೇಸಿಗೆ ರಜೆ’ಯ ಅರ್ಧ ಅಲ್ಲಿ ಮಳೆಗಾಲ! ಊರಿನ ಮಕ್ಕಳಿಗೆ ಏಪ್ರಿಲ್‌ನಲ್ಲೇ ರಜೆ ಶುರುವಾಗಿ ಮೇ ಕೊನೆಗೆ ಶಾಲೆ ಬಾಗಿಲು ತೆರೆಯುತ್ತದೆ. ನಿನ್ನ ಮಕ್ಕಳಿಗೂ ಅಣ್ಣನ ಮಕ್ಕಳಿಗೂ ಒಟ್ಟಿಗೆ ಆಡಲು ಸಿಗುವುದು ಎರಡೂವರೆ ವಾರ ಮಾತ್ರ. ಆದ್ದರಿಂದ ರಜೆ ಕೊಟ್ಟ ಮರುದಿನವೇ ಹೊರಡು. ‘ಜೂನ್‌ನಲ್ಲಿ ನೋಡೋಣ’ ಅಂದರೆ ಜೊತೆಗಾರರೂ ಇಲ್ಲ, ಅಂಗಳವೂ ಇಲ್ಲ.

ಟಿಕೆಟ್ಟಿನ ಮಾತು. 2024ರ ನವೆಂಬರ್‌ನಿಂದ ರೈಲಿನ ಮುಂಗಡ ಬುಕಿಂಗ್ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಮಾರ್ಚ್ ಮಧ್ಯದಲ್ಲೇ ಎಚ್ಚರವಾಗಿರು. ನಿಜಾಮುದ್ದೀನಿನಿಂದ ಮಂಗಳಾ ಎಕ್ಸ್‌ಪ್ರೆಸ್ ಹಿಡಿದರೆ ಕೊಂಕಣ ರೈಲ್ವೆ ಮೇಲೆ ಉಡುಪಿಗೆ ಇಳಿಯಬಹುದು. ಇಳಿದ ರಾತ್ರಿಯೇ ಘಾಟಿ ಹತ್ತಬೇಡ. ಉಡುಪಿಯಲ್ಲಿ ತಂಗಿದ್ದು ಬೆಳಿಗ್ಗೆ ಹೆಬ್ರಿ, ಸೋಮೇಶ್ವರದ ಮೇಲೆ ಆಗುಂಬೆ ಹತ್ತು. ವಿಮಾನದಲ್ಲಿ ಹಾರಿದರೆ ಮಕ್ಕಳಿಗೆ ನಡುವಿನ ದೇಶವೇ ಕಾಣುವುದಿಲ್ಲ. ರೈಲಿನಲ್ಲಾದರೆ ಒಣ ಚಂಬಲ್ ಕಣಿವೆಯಿಂದ ಹಿಡಿದು ಕೊಂಕಣದ ಸುರಂಗಗಳವರೆಗೆ ಕಿಟಕಿಯಲ್ಲೇ ಪಾಠ.

ನಿನ್ನ ಗೆಳತಿಯರು ‘ಅಷ್ಟು ದೂರ ಯಾಕೆ, ಕುಮಾಂವ್‌ಗೆ ಹೋಗು’ ಅನ್ನಬಹುದು. ಅದೂ ತಪ್ಪಲ್ಲ. ನೈನಿತಾಲ್ ಜಿಲ್ಲೆಯ ರಾಮಗಢದಲ್ಲಿ ಹಿಂದಿಯ ಕವಯಿತ್ರಿ ಮಹಾದೇವಿ ವರ್ಮಾ ಬೇಸಿಗೆಗೆಂದೇ ಮೀರಾ ಕುಟೀರ ಕಟ್ಟಿಸಿಕೊಂಡಿದ್ದರು. ಇನ್ನೂ ಹಿಂದೆ, 1864ರಿಂದ ಬ್ರಿಟಿಷರು ಇಡೀ ಸರ್ಕಾರವನ್ನೇ ಬೇಸಿಗೆಗೆ ಶಿಮ್ಲಾಕ್ಕೆ ಹೊತ್ತೊಯ್ಯುತ್ತಿದ್ದರು. ದುಡ್ಡು ಕೊಟ್ಟರೆ ಅಲ್ಲಿ ತಂಪು ಸಿಗುತ್ತದೆ. ಆದರೆ ‘ನೀನು ಯಾರ ಮನೆ ಮಗು?’ ಅಂತ ನಿನ್ನ ಮಕ್ಕಳನ್ನು ದಾರಿಯಲ್ಲಿ ನಿಲ್ಲಿಸಿ ಕೇಳುವವರು ತೀರ್ಥಹಳ್ಳಿ ಕಡೆ ಮಾತ್ರ ಸಿಗುತ್ತಾರೆ.

ಇನ್ನು ಮನೆಯ ಸಂಗತಿ. ಕೃತ್ತಿಕೆಯ ಬಿಸಿಲಿರುವಾಗ ಹಲಸಿನಕಾಯಿ ಹಪ್ಪಳದ ಗದ್ದಲ. ಅಣ್ಣ ಬಲಿತ ಕಾಯಿ ಇಳಿಸಿಕೊಟ್ಟರೆ ನೀನು ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಂಡು ಕೂರು, ಇಲ್ಲದಿದ್ದರೆ ಮೇಣ ಎರಡು ದಿನ ಬಿಡುವುದಿಲ್ಲ. ತೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಉಪ್ಪು, ಮೆಣಸು, ಜೀರಿಗೆ ಹಾಕಿ ಒರಳಲ್ಲಿ ಕುಟ್ಟಬೇಕು. ತಣಿದರೆ ಹಿಟ್ಟು ಹೊಂದುವುದಿಲ್ಲ. ಉಂಡೆ ಕಟ್ಟುವುದು ದೊಡ್ಡವರ ಕೆಲಸ. ಎಣ್ಣೆ ಹಚ್ಚಿದ ಎರಡು ಬಾಳೆಲೆಯ ನಡುವೆ ಉಂಡೆ ಇಟ್ಟು ಮಣೆಯಿಂದ ಒತ್ತುವುದು ಮಕ್ಕಳಿಗಿರಲಿ. ಆಕಾರ ಸೊಟ್ಟಗಾದರೆ ಯಾರೂ ಬೈಯುವುದಿಲ್ಲ. ಚಾಪೆಯ ಪಕ್ಕ ಕೋಲು ಹಿಡಿದು ಕಾಗೆ ಕಾಯುವುದೂ ಅವರದೇ. ಕಾಯುವವರೇ ಅರ್ಧ ಒಣಗಿದ ಹಪ್ಪಳ ಮುರಿದು ತಿನ್ನುವುದು ಆ ಮನೆಯಲ್ಲಿ ಮೊದಲಿನಿಂದ ನಡೆದುಬಂದದ್ದು, ನೋಡಿಯೂ ನೋಡದ ಹಾಗೆ ಇರು.

ರೋಹಿಣಿ ಬಂತೆಂದರೆ ಕೆಲಸಕ್ಕೆ ಬಿರುಸು. ಕೊಟ್ಟಿಗೆಯ ಪಕ್ಕ ಸೌದೆ ಪೇರಿಸುವಾಗ ಮಕ್ಕಳು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಲಿ. ಅಡಿಕೆ ತೋಟದ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮುಂಚೆ ಮೊದಲ ಸಲ ಹೊಡೆಯಲೇಬೇಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ನಮ್ಮ ತೋಟಗಳಿಗೆ ಹೇಳಿಕೊಟ್ಟ ಮದ್ದು ಇದು, ಇವತ್ತಿಗೂ ಅದೇ ನಡೆಯುತ್ತಿದೆ. ಮಕ್ಕಳು ದೂರದಿಂದ ನೋಡಲಿ. ಮರದ ತುದಿಯಲ್ಲಿ ಔಷಧಿ ಹೊಡೆಯುವ ಕೊನೆಗೌಡ ಒಂದು ಮರದಿಂದ ಇನ್ನೊಂದಕ್ಕೆ ತೂಗಿ ದಾಟುವುದನ್ನು ಕಂಡಮೇಲೆ ಗುರುಗ್ರಾಮದ ಮಾಲಿನ ಆಟಗಳು ಅವರಿಗೆ ಸಪ್ಪೆ ಅನ್ನಿಸದಿದ್ದರೆ ಕೇಳು.

ಈಗ ಭಯದ ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇನ್ನೂ ನಮ್ಮ ಕಾಡು ಬಿಟ್ಟು ಹೋಗಿಲ್ಲ. ಅದು ಉಣುಗಿನಿಂದ ಹರಡುತ್ತದೆ, ಬೇಸಿಗೆ ಮುಗಿಯುವವರೆಗೂ ಅದರ ಕಾಟ. ಮಕ್ಕಳನ್ನು ಚಡ್ಡಿಯಲ್ಲಿ ತರಗೆಲೆಯ ಮೇಲೆ ಓಡಲು ಬಿಡಬೇಡ. ಕಾಡಿನಂಚಿಗೆ ಹೋಗಲೇಬೇಕಾದರೆ ಮೈತುಂಬ ಬಟ್ಟೆ, ಆರೋಗ್ಯ ಇಲಾಖೆ ಹಂಚುವ ಡೀಪಾ ತೈಲ, ಬಂದಮೇಲೆ ಬಚ್ಚಲ ಹಂಡೆಯ ಬಿಸಿನೀರಿನ ಸ್ನಾನ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೆ ತಿಳಿಸಲು ಅಣ್ಣನಿಗೆ ಹೇಳು. ದೆಹಲಿಗೆ ಮರಳಿದ ಮೇಲೆ ಯಾರಿಗಾದರೂ ಜ್ವರ ಬಂದರೆ ‘ಶಿವಮೊಗ್ಗದ ಕಾಡಿನಲ್ಲಿದ್ದೆವು, ಉಣುಗು ಇರುವ ಜಾಗ’ ಅಂತ ನೀನೇ ಬಾಯಿಬಿಟ್ಟು ಹೇಳು. ಇಲ್ಲಿನ ಡಾಕ್ಟರಿಗೆ ಡೆಂಗಿ ಹೊಳೆದೀತು, ಇದು ಹೊಳೆಯುವುದು ಕಷ್ಟ. ಹಾವಿನ ಮಾತು ನಿನಗೆ ಹೊಸದಲ್ಲ: ಸೌದೆ ರಾಶಿಗೆ ಬರಿಗೈ ಹಾಕಬಾರದು, ರಾತ್ರಿ ಟಾರ್ಚ್ ಇಲ್ಲದೆ ಅಂಗಳಕ್ಕೆ ಇಳಿಯಬಾರದು, ಕಚ್ಚಿದರೆ ನಾಟಿ ಮದ್ದಿನ ಮನೆಗೆ ಹೋಗದೆ ನೇರ ಆಸ್ಪತ್ರೆಗೆ.

ಮೊದಲ ವಾರ ಮಕ್ಕಳು ‘ಬೋರ್’ ಅಂತ ರಾಗ ಎಳೆಯುತ್ತಾರೆ. ಎಳೆಯಲಿ, ಪರಿಹಾರ ಹುಡುಕಲು ಹೋಗಬೇಡ. ಮ್ಯಾಗಿ ಪೊಟ್ಟಣವನ್ನೂ ಒಯ್ಯಬೇಡ, ಒಂದೆಲಗದ ತಂಬುಳಿ ಮೂರನೇ ದಿನಕ್ಕೆ ಹಿಡಿಸುತ್ತದೆ. ನೆಟ್‌ವರ್ಕ್ ಹುಡುಕಿಕೊಂಡು ಲ್ಯಾಪ್‌ಟಾಪ್ ಹಿಡಿದು ಗುಡ್ಡ ಹತ್ತುವ ಆಸೆಯಿದ್ದರೆ ರಜೆಯನ್ನೇ ಹಾಕು, ಎರಡು ದೋಣಿಯಲ್ಲಿ ಕಾಲಿಡಬೇಡ. ಕಾಡು ನಿಶ್ಶಬ್ದ ಅಂತಲೂ ತಿಳಿಯಬೇಡ. ಬೇಸಿಗೆಯ ಸಂಜೆ ಜೀರುಂಡೆ ಕಿವಿ ತೂತು ಮಾಡುತ್ತದೆ, ಮೊದಲ ಮಳೆ ಬಿದ್ದ ರಾತ್ರಿ ಕಪ್ಪೆಗಳ ಸಭೆ ಬೆಳಗಿನವರೆಗೂ ನಡೆಯುತ್ತದೆ. ಅಲ್ಲಿ ಇಲ್ಲದ್ದು ಹಾರ್ನ್ ಮತ್ತು ಆತುರ, ಅಷ್ಟೇ.

ಮಳೆ ಶುರುವಾದರೆ ಗಾಬರಿಯಾಗಿ ಓಡಿ ಬರಬೇಡ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. 2025ರಲ್ಲಿ ಮೇ 24ಕ್ಕೇ ಬಂದು ಕೂತಿತ್ತು. ಕರೆಂಟು ಹೋಗುತ್ತದೆ, ದರೆಯ ಮಣ್ಣು ಜಾರುತ್ತದೆ, ಉಂಬಳ ಕಾಲು ಹತ್ತುತ್ತದೆ. ಇದಕ್ಕೆಲ್ಲ ಉಪ್ಪು, ಟಾರ್ಚ್ ಮತ್ತು ತಾಳ್ಮೆ ಸಾಕು. ಹೊಳೆಯ ಸಹವಾಸ ಮಾತ್ರ ಬೇಡ, ಮೇಲೆ ಮಳೆಯಾದರೆ ತುಂಗೆ ಹೇಳದೆ ಕೇಳದೆ ಏರುತ್ತಾಳೆ. ಮೃಗಶಿರದ ಒಂದು ವಾರ ನೋಡಿ, ಆರಿದ್ರಾ ಹಿಡಿಯುವ ಮೊದಲು ಹೊರಟುಬಿಡು. ಜೂನ್‌ನಲ್ಲಿ ಕೊಂಕಣ ರೈಲ್ವೆ ಮಳೆಗಾಲದ ವೇಳಾಪಟ್ಟಿಗೆ ಬದಲಾಗುತ್ತದೆ, ಮರಳುವ ರೈಲಿನ ಹೊತ್ತನ್ನು ಮತ್ತೊಮ್ಮೆ ನೋಡಿಕೋ. ಘಾಟಿಯಲ್ಲಿ ಭಾರಿ ವಾಹನ ನಿಲ್ಲಿಸುವುದುಂಟು, ಒಂದು ದಿನ ಕೈಯಲ್ಲಿಟ್ಟುಕೊಂಡು ಇಳಿ.

ಕೊನೆಯದಾಗಿ ದುಡ್ಡಿನ ವಿಷಯ. ಅಣ್ಣನ ಕೈಗೆ ನೋಟು ಕೊಡಲು ಹೋಗಬೇಡ, ಅವನು ತೆಗೆದುಕೊಳ್ಳುವುದಿಲ್ಲ, ಬೇಸರವೂ ಮಾಡಿಕೊಳ್ಳುತ್ತಾನೆ. ಪೇಟೆಗೆ ಹೋದಾಗ ತಿಂಗಳ ದಿನಸಿ ನೀನೇ ತಂದು ಹಾಕು, ಯುಪಿಎಸ್ ಬ್ಯಾಟರಿ ಹಳತಾಗಿದ್ದರೆ ಮಾತಾಡದೆ ಬದಲಿಸು. ಇವತ್ತು ರಾತ್ರಿಯೇ ಅತ್ತಿಗೆಗೆ ಫೋನ್ ಮಾಡು. ‘ದಿಲ್ಲಿಯಿಂದ ಏನು ತರಲಿ’ ಅಂತ ಎಲ್ಲರೂ ಕೇಳುತ್ತಾರೆ, ಅವಳು ‘ಏನೂ ಬೇಡ’ ಅಂದೇ ಅನ್ನುತ್ತಾಳೆ. ‘ನಾನು ಬರುವಷ್ಟರಲ್ಲಿ ಯಾವ ಕೆಲಸ ಬಾಕಿ ಇಟ್ಟಿರ್ತೀಯ’ ಅಂತ ಕೇಳಿ ನೋಡು, ಅರ್ಧ ಗಂಟೆ ಫೋನ್ ಇಡುವುದಿಲ್ಲ.