ಗ್ಲೆಂಡಲಾಕ್‌ನ ದುಂಡು ಗೋಪುರ: ಹೊರಗೆ ನಿಂತೇ ನೋಡಬೇಕಾದದ್ದು

ಐರ್ಲೆಂಡಿನ ಡಬ್ಲಿನ್‌ಗೆ ದಕ್ಷಿಣದಲ್ಲಿ, ಸುಮಾರು 50 ಕಿ.ಮೀ. ದೂರದ ವಿಕ್ಲೋ ಬೆಟ್ಟಗಳ ನಡುವೆ, ಸಂತ ಕೆವಿನ್ 6ನೇ ಶತಮಾನದಲ್ಲಿ ಕಟ್ಟಿದ ಗ್ಲೆಂಡಲಾಕ್ ಮಠದ ಅವಶೇಷಗಳಿವೆ. ಅಲ್ಲಿನ ದುಂಡು ಗೋಪುರ ಮಠಕ್ಕಿಂತ ಎಷ್ಟೋ ಕಾಲ ಈಚಿನದು. ಎತ್ತರ ಸುಮಾರು 30 ಮೀಟರ್. ಬಾಗಿಲು ಮಾತ್ರ ನೆಲದಿಂದ ಮೂರೂವರೆ ಮೀಟರ್ ಮೇಲೆ. ಆ ಬಾಗಿಲನ್ನು ಕಂಡೊಡನೆ ನೆನಪಾಗುವುದು ವೈಕಿಂಗರ ಕಥೆ: ದಾಳಿಯಾದಾಗ ಸನ್ಯಾಸಿಗಳು ಒಳಹೊಕ್ಕು ಏಣಿ ಎಳೆದುಕೊಳ್ಳುತ್ತಿದ್ದರಂತೆ. ಹೋಗುವವರು ಈ ಕಥೆಯನ್ನು ಬದಿಗಿಟ್ಟು, ಇದನ್ನು ಗಂಟೆಗೋಪುರವೆಂದು ನೋಡಲಿ. ಆಗ ಕಲ್ಲಿನ ಲೆಕ್ಕವೆಲ್ಲ ಕೂಡಿಬರುತ್ತದೆ. ತುದಿಯ ಅಂತಸ್ತಿನಲ್ಲಿ ನಾಲ್ಕು ದಿಕ್ಕಿಗೂ ಒಂದೊಂದು ಕಿಟಕಿಯಿರುವುದು ಸದ್ದು ಕಣಿವೆಗೆಲ್ಲ ಹರಡಲು. ಬಾಗಿಲು ಮುಖ್ಯ ಚರ್ಚಿನ ಕಡೆಗೇ ಮುಖಮಾಡಿರುವುದೂ ದಿನದ ಪ್ರಾರ್ಥನೆಗೆ ಹೊಂದುತ್ತದೆ. ಇಂಥ ಗೋಪುರಗಳ ಅಡಿಪಾಯ ಆಳವಿರುವುದಿಲ್ಲ. ಬುಡವನ್ನು ಒಡೆಯದೆ ಬಾಗಿಲನ್ನು ಮೇಲಕ್ಕಿಟ್ಟರೆ ಗೋಡೆಗೆ ಬಲ.

ಜನ ಒಳಗೆ ಓಡಿದ್ದು ಸುಳ್ಳೇ ಎಂದು ಕೇಳಬಹುದು. ಸುಳ್ಳಲ್ಲ. 950ರಲ್ಲಿ ಡಬ್ಲಿನ್‌ನ ವೈಕಿಂಗರು ಸ್ಲೇನ್‌ನ ಇಂಥದೇ ಗೋಪುರಕ್ಕೆ ಬೆಂಕಿಯಿಟ್ಟಾಗ ಜನರೂ ಪವಿತ್ರ ವಸ್ತುಗಳೂ ಒಂದು ಶ್ರೇಷ್ಠ ಗಂಟೆಯೂ ಸುಟ್ಟವೆಂದು ಐರಿಷ್ ವಾರ್ಷಿಕ ದಾಖಲೆಗಳು ಹೇಳುತ್ತವೆ. 1097ರಲ್ಲಿ ಮೊನಾಸ್ಟರ್‌ಬಾಯ್ಸ್ ಮಠದ ಗೋಪುರ ಪುಸ್ತಕಗಳ ಸಮೇತ ಉರಿಯಿತು. ಒಳಗಿನ ಅಂತಸ್ತುಗಳೆಲ್ಲ ಮರದವು. ಬೆಂಕಿ ತಗುಲಿದರೆ ಇಡೀ ಗೋಪುರವೇ ಹೊಗೆಕೊಳವೆ. ಬೆಲೆಬಾಳುವುದನ್ನು ಇಡಲು, ಕಷ್ಟಕಾಲದಲ್ಲಿ ನುಗ್ಗಲು ಅದು ಒದಗಿರಬಹುದು. ಆದರೆ ಕೋಟೆಯೆಂದು ಕಟ್ಟಿದ್ದರೆ ಇಷ್ಟು ಕೆಟ್ಟ ಕೋಟೆ ಇನ್ನೊಂದಿಲ್ಲ.

ಗ್ಲೆಂಡಲಾಕ್ ಗೋಪುರದ ಒಳಗೆ ಬಿಡುವುದಿಲ್ಲವಾದರೆ ಅಷ್ಟು ದೂರ ಏಕೆ ಹೋಗಬೇಕು ಎಂಬುದು ಇನ್ನೊಂದು ಆಕ್ಷೇಪ. ಗಂಟೆಗೋಪುರದ ಕೆಲಸವೆಲ್ಲ ಹೊರಗಿನವರಿಗಾಗಿ, ಆದ್ದರಿಂದ ಅದನ್ನು ದೂರದಿಂದಲೇ ಅಳೆಯಬೇಕು. ಜೋಡಿ ಕಮಾನಿನ ಹಳೆಯ ಹೆಬ್ಬಾಗಿಲಿನಿಂದ ಒಳಬಂದು, ಗೋಪುರವನ್ನು ಒಂದು ಸುತ್ತು ಹಾಕಿ, ಮೇಲಿನ ಸರೋವರದತ್ತ ನಡೆಯುತ್ತಾ ಆಗಾಗ ತಿರುಗಿ ನೋಡಿ. ಶಂಕುವಿನಾಕಾರದ ಚಾವಣಿಯನ್ನು 1876ರಲ್ಲಿ ಹಳೆಯ ಕಲ್ಲುಗಳಿಂದಲೇ ಮತ್ತೆ ಕಟ್ಟಲಾಯಿತು. ಆವರಣಕ್ಕೆ ಪ್ರವೇಶ ಶುಲ್ಕವಿಲ್ಲ. ಡಬ್ಲಿನ್‌ನಿಂದ ನೇರ ಬಸ್ಸಿದೆ, ಆದರೆ ದಿನಕ್ಕೆ ಕೆಲವೇ. ಮರಳುವ ಬಸ್ಸಿನ ವೇಳೆ ಮೊದಲೇ ನೋಡಿಕೊಳ್ಳಿ. ಡಿಸೆಂಬರಿನಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಕತ್ತಲಾಗತೊಡಗುತ್ತದೆ. ಷೆಂಗೆನ್ ವೀಸಾ ಐರ್ಲೆಂಡಿಗೆ ನಡೆಯದು. ಹತ್ತಲೇಬೇಕೆನ್ನುವವರಿಗೆ ಕಿಲ್ಕೆನಿಯ ಸಂತ ಕ್ಯಾನಿಸ್ ಚರ್ಚಿನ ಗೋಪುರವಿದೆ; ಡಬ್ಲಿನ್‌ನಿಂದ ರೈಲಿನಲ್ಲಿ ಹೋಗಬಹುದು. ಒಂದೇ ದಿನವಿದ್ದರೆ ಗ್ಲೆಂಡಲಾಕ್ ಸಾಕು. ಎರಡು ದಿನವಿದ್ದರೆ ಕಿಲ್ಕೆನಿಯನ್ನು ಎರಡನೆಯ ದಿನಕ್ಕಿಡಿ, ಏಕೆಂದರೆ ಹೊರಗಿನಿಂದ ಅರ್ಥವಾದ ಮೇಲೆ ಆ ಕಿರಿದಾದ ಏಣಿಗಳನ್ನು ಹತ್ತುವುದಕ್ಕೊಂದು ಕಾರಣವಿರುತ್ತದೆ.